ಫೋಟೋಗೆ ಹಾಕಿದ ರೇಲಿಂಗ್

ಬೀದಿಯವರೆಲ್ಲ ಅವಳನ್ನು ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತು ನಿಂತು ಅವಳ ಎರಡು ಮಂಡಿಯೂ ಸವೆದಿದ್ದವು. ಆಪರೇಷನ್ ಆದ ಮೇಲೆ ಬಲಗಾಲು ಮಡಚುವುದನ್ನೇ ಮರೆತಿತ್ತು. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಮಹಡಿ ಕೋಣೆಯಲ್ಲಿ ಇದ್ದಳು. ಕೆಳಗೂ ಒಂದು ಕೋಣೆ ಇತ್ತು, ಆದರೆ ಅದು ತಮ್ಮನ ಆಫೀಸು. ಅವನು ಜನರ ಮನೆಗಳನ್ನು ಒಳಗಿನಿಂದ ಚಂದ ಮಾಡಿಕೊಡುವವನು.

ಮೆಟ್ಟಿಲು ಹದಿನೇಳು. ಮುಖ ಕಾಣುವಷ್ಟು ಹೊಳೆಯುವ ಕಪ್ಪು ಕಲ್ಲು. ಒಂದು ಪಕ್ಕ ಕೈಗೆ ಹಿಡಿತ ಸಿಗದ ಗಾಜು, ಇನ್ನೊಂದು ಪಕ್ಕ ಬೋಳು ಗೋಡೆ. ಊಟಕ್ಕೆ ಇಳಿಯಬೇಕಾದರೆ ಅಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತು, ಒಂದೊಂದಾಗಿ ಜರುಗುತ್ತಾ ಬರುತ್ತಿದ್ದಳು.

"ಗೋಡೆಗೊಂದು ಕಂಬಿ ಹಾಕಿಸೋ," ಎಂದು ಎಷ್ಟೋ ಸಲ ಕೇಳಿದ್ದಳು.

"ಗೋಡೆ ಸೊಗಸೇ ಹೋಗುತ್ತಕ್ಕ. ಬಂದವರು ಮೊದಲು ನೋಡೋದೇ ಅದನ್ನ. ಆಸ್ಪತ್ರೆ ಇದ್ದ ಹಾಗೆ ಕಾಣುತ್ತೆ."

ಒಂದು ಬೆಳಿಗ್ಗೆ ಅವಳು ಬಾಗಿಲು ತೆಗೆದರೆ ಗೋಡೆಯುದ್ದಕ್ಕೂ ಮರದ ರೇಲಿಂಗ್! ಮೆಟ್ಟಿಲ ಅಂಚಿಗೆಲ್ಲ ಹಳದಿ ಪಟ್ಟಿ. ಅಕ್ಕ ಮರವನ್ನು ಬೆರಳಿಂದ ಸವರಿದಳು. ಕೆಳಗೆ ಫೋಟೋಗ್ರಾಫರ್ ನಿಂತಿದ್ದ.

"ಒಂದ್ಸಲ ರೇಲಿಂಗ್ ಮೇಲೆ ಹಾಗೇ ಕೈ ಇಟ್ಟು ನಗಕ್ಕ," ಎಂದ ತಮ್ಮ. "ವಯಸ್ಸಾದವರ ಮನೆಗಳ ಕೆಲಸ ಹಿಡೀಬೇಕು ಅಂತಿದೀನಿ. ಅದಕ್ಕೆ ಫೋಟೋ."

ಅವಳು ಕೈ ಇಟ್ಟಳು. ಬಾಯ್ತುಂಬ ನಕ್ಕಳು. ಫೋಟೋ ಮುಗಿಯಿತು, ಅವರಿಬ್ಬರೂ ಆಫೀಸಿನೊಳಗೆ ಹೋದರು. ಆಪರೇಷನ್ ಆಗಿ ಎರಡು ವರ್ಷದ ಮೇಲೆ ನಿಂತುಕೊಂಡೇ ಇಳಿಯುವ ಆಸೆ ಅಕ್ಕನಿಗೆ. ಹನ್ನೆರಡು ಮೆಟ್ಟಿಲು ಬರೀ ಬೆರಳು ತಾಗಿಸಿಕೊಂಡು ಇಳಿದಳು. ಹದಿಮೂರನೆಯದರಲ್ಲಿ ಕಾಲು ತಡವರಿಸಿತು, ಮೈಭಾರವನ್ನೆಲ್ಲ ರೇಲಿಂಗಿಗೆ ಹಾಕಿದಳು. ಪರ್ ಎಂದು ಸದ್ದಾಯಿತು. ರೇಲಿಂಗ್ ಅವಳ ಕೈಯಲ್ಲೇ ಕಿತ್ತು ಬಂತು.

ಬಿದ್ದಲ್ಲಿಂದ ಅವಳಿಗೆ ಕಂಡದ್ದು ರೇಲಿಂಗಿನ ಹಿಂಭಾಗ. ಒಂದು ಸ್ಕ್ರೂ ಇಲ್ಲ. ಬರೀ ಅಂಟು ಟೇಪು.

ಓಡಿ ಬಂದ ತಮ್ಮ ಮೊದಲು ಬಗ್ಗಿ ನೋಡಿದ್ದು ಮೆಟ್ಟಿಲನ್ನು. "ಕಲ್ಲು ಸೀಳಿತಾ?" ಎಂದ. ಆಮೇಲೆ, "ಅಯ್ಯೋ ಅಕ್ಕ, ಫೋಟೋಗೆ ಅಂತ ಹೇಳಿರಲಿಲ್ವಾ?"

ಮಣಿಕಟ್ಟು ಮುರಿದಿತ್ತು. ಆದರೆ ಅಕ್ಕನಿಗೆ ಬಂದದ್ದು ನೋವಿನ ಅಳುವಲ್ಲ, ವಾಕರಿಕೆ. ತಾನು ಎತ್ತಿ ಆಡಿಸಿದವನು, ಅಂಟು ಟೇಪಿನ ರೇಲಿಂಗಿನ ಮೇಲೆ ಕೈ ಇಡಿಸಿ ತನ್ನನ್ನೇ ನಗಿಸಿದವನು. ಎಬ್ಬಿಸಲು ಅವನು ತೋಳು ಹಿಡಿದಾಗ ಹಲ್ಲಿ ಮೈಮೇಲೆ ಬಿದ್ದಂತೆ ಕೊಡವಿದಳು. ಕೊನೆಗೆ ತಮ್ಮನ ಹೆಂಡತಿ ಬಂದು ಎಬ್ಬಿಸಿದಳು. ಆಸ್ಪತ್ರೆಯಿಂದ ಕಟ್ಟು ಹಾಕಿಸಿಕೊಂಡು ಬರುವಷ್ಟರಲ್ಲಿ ರೇಲಿಂಗೂ ಇಲ್ಲ, ಹಳದಿ ಪಟ್ಟಿಯೂ ಇಲ್ಲ. ಗೋಡೆ ಮೊದಲಿನ ಹಾಗೇ ಬೋಳು.

ಎರಡು ವಾರ ಊಟ ಮಹಡಿಗೇ ಬಂತು. ಆಮೇಲೊಂದು ದಿನ ಮೆಟ್ಟಿಲ ಬುಡದಿಂದ ಮಾತು ಕೇಳಿಸಿತು. ನಿವೃತ್ತ ಮೇಷ್ಟ್ರೊಬ್ಬರು ವಾಕರ್ ಹಿಡಿದ ಹೆಂಡತಿಯ ಜೊತೆ ಬಂದಿದ್ದರು. ಅವರ ಕೈಯಲ್ಲಿ ಅಕ್ಕ ನಗುತ್ತಿದ್ದ ಫೋಟೋ ಇತ್ತು.

"ನಮ್ಮ ಮನೇಲೇ ಮಾಡಿದ್ದು ಸಾರ್. ನಮ್ಮಕ್ಕನಿಗೋಸ್ಕರ," ಎನ್ನುತ್ತಿದ್ದ ತಮ್ಮ. "ಪಾಲಿಶ್ ಮಾಡಿಸೋಕೆ ಬಿಚ್ಚಿದೀವಿ."

ಅಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತಳು. ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದಳು: "ಮೇಷ್ಟ್ರೇ, ಆ ಫೋಟೋದಲ್ಲಿರೋಳು ನಾನೇ. ಟೇಪಲ್ಲಿ ಅಂಟಿಸಿದ್ರು. ಕಿತ್ಕೊಂಡು ಬಂತು, ಕೈ ಮುರೀತು. ನಿಮ್ಮ ಮನೆಯವರನ್ನ ಕಾಪಾಡ್ಕೊಳ್ಳಿ."

ಮೇಷ್ಟ್ರು ಅವಳ ಕಟ್ಟು ನೋಡಿದರು, ಬೋಳು ಗೋಡೆ ನೋಡಿದರು. ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ ಹೆಂಡತಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಟುಹೋದರು.

"ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲಕ್ಕ!"

"ಆಯಮ್ಮ ಬಿದ್ದಿದ್ದರೆ ಅವಳನ್ನೂ ಕೇಳ್ತಿದ್ದೆಯಾ, ಕಲ್ಲು ಸೀಳಿತಾ ಅಂತ?"

ಅವನು ಫೋಟೋ ಎತ್ತಿಕೊಂಡು ಆಫೀಸಿನೊಳಗೆ ಹೋದ. ಮಾರನೆಯ ದಿನ ಅಕ್ಕ ಬಸ್ ಡಿಪೋದ ವೆಲ್ಡರನ್ನು ಕರೆಸಿದಳು. ಬಸ್ಸಿನೊಳಗೆ ಹಿಡಿದು ನಿಲ್ಲುವ ಕಂಬಿ ಕೂರಿಸುವುದೇ ಅವನ ಕೆಲಸ. ತಮ್ಮ ಅಡ್ಡ ಬಂದಾಗ ಅವನ ಹೆಂಡತಿಯೇ, "ಸುಮ್ನಿರಿ, ಸಾಕು," ಎಂದಳು. ಡ್ರಿಲ್ ಕೊರೆದ ಧೂಳು ಕಪ್ಪು ಕಲ್ಲಿನ ಮೇಲೆಲ್ಲ ಹಿಟ್ಟು ಚೆಲ್ಲಿದಂತೆ ಬಿತ್ತು. ಮೇಲಿನಿಂದ ಕೆಳಗಿನವರೆಗೆ ಕಬ್ಬಿಣದ ಕಂಬಿ ಕೂತಿತು. ಕೊನೆಯ ಮೆಟ್ಟಿಲು ದಾಟಿ ಒಂದು ಮೊಳ ಮುಂದಕ್ಕೂ. ವೆಲ್ಡರ್ ಅದಕ್ಕೆ ಜೋತುಬಿದ್ದು ತೋರಿಸಿದ. ಮೆಟ್ಟಿಲಿಗೆಲ್ಲ ಒರಟು ಪಟ್ಟಿ ಅಂಟಿಸಿ, ಕಾಲಿನಿಂದ ಉಜ್ಜಿ ಉಜ್ಜಿ ನೋಡಿದ.

ಕೈಕಟ್ಟು ಬಿಚ್ಚಿದ ಮೇಲೆ ಅಕ್ಕ ನಿಂತುಕೊಂಡು ಇಳಿದಳು. ಒಳ್ಳೆಯ ಕಾಲನ್ನು ಮೇಲಿನ ಮೆಟ್ಟಿಲಲ್ಲೇ ಇಟ್ಟು, ಮಡಚದ ಕಾಲು ಮೊದಲು ಕೆಳಗೆ. ಹದಿನೇಳೂ ಮುಗಿದವು. ಊಟಕ್ಕೆ ಕೂತಿದ್ದ ತಮ್ಮ ಅಗಲವಾಗಿ ನಕ್ಕ.

"ಪರವಾಗಿಲ್ಲ ಅಕ್ಕ, ಚೆನ್ನಾಗೇ ಕಾಣುತ್ತೆ. ನಾನೂ ಇದನ್ನೇ ಅಂದ್ಕೊಂಡಿದ್ದೆ."

 ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ತಮ್ಮನ ಹೆಂಡತಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಅವನಿಗೆ ಬೆನ್ನು ಹಾಕಿ ಉಂಡಳು.