ಒಣ ಮುಖ ಬಿಟ್ಟವಳು

ಹಣೆಯ ಮೇಲಿನ ಬೂದಿ ನೀರಿಗೆ ತಾಗಬಾರದೆಂದು ಅರ್ಲೀನ್ ಡೀಟ್ಸ್ ಕತ್ತನ್ನು ಕೊಕ್ಕರೆಯ ಹಾಗೆ ಎತ್ತಿಕೊಂಡೇ ಕೈ ಬಡಿಯುತ್ತಿದ್ದಳು. ಕತ್ತು ಮೇಲೆ ಹೋದಷ್ಟೂ ಕಾಲು ಕೆಳಗೆ ಹೋಗುತ್ತಿತ್ತು. ಈಜುಕೊಳದ ನಟ್ಟನಡುವೆ ಬರುವಷ್ಟರಲ್ಲಿ ಅದು ಈಜಾಗಿ ಉಳಿದಿರಲಿಲ್ಲ, ನೀರಿನಲ್ಲಿ ಇಲ್ಲದ ಮೆಟ್ಟಿಲು ಹತ್ತುವ ಒದ್ದಾಟವಾಗಿತ್ತು. ದಂಡೆಯ ಮೇಲಿದ್ದ ಸಿಸ್ಟರ್ ಹೆಡ್ವಿಗ್ ಉದ್ದನೆಯ ಕೋಲು ಚಾಚಿದರು. ಅರ್ಲೀನ್ ಅದನ್ನು ಹಿಡಿದು ಜಗ್ಗಿದ ರಭಸಕ್ಕೆ ಎಂಬತ್ತು ದಾಟಿದ ಸಿಸ್ಟರೇ ನೀರಿಗೆ ಬೀಳಬೇಕಿತ್ತು. ಪಕ್ಕದಲ್ಲಿ ನಿಂತಿದ್ದ ಡೆಲಾನಿ ಎಂಬ ಹುಡುಗಿ ಅವರ ಸೊಂಟ ಹಿಡಿದುಕೊಂಡಳು.

ಮೇಲೆ ಬಂದು, ಕೆಮ್ಮಿ, ಉಸಿರು ಸುಧಾರಿಸಿಕೊಂಡ ಮೇಲೆ ಅರ್ಲೀನ್ ಕೇಳಿದ ಮೊದಲ ಮಾತು, "ಬೂದಿ ಉಳಿದಿದೆಯಾ?"

"ಉಳಿದಿದೆ," ಎಂದಳು ಡೆಲಾನಿ. "ಡಿಗ್ರಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಉಳಿದಿದೆ."

ಸಿಸ್ಟರ್ ಹೆಡ್ವಿಗ್ ಕೋಲನ್ನು ಗೋಡೆಗೆ ಆನಿಸಿದರು. ಅಂದು ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದ ಮೊದಲ ದಿನ; ಅವರ ಹಣೆಯ ಮೇಲೂ ಬೆಳಗಿನ ಪೂಜೆಯಲ್ಲಿ ಹಚ್ಚಿಸಿಕೊಂಡ ಬೂದಿಯ ಶಿಲುಬೆ ಇತ್ತು. "ಬೂದಿ ಹಚ್ಚುವಾಗ ಪಾದ್ರಿಗಳು ಏನಂದ್ರು ಅರ್ಲೀನ್? ನೀನು ಮಣ್ಣು, ಮಣ್ಣಿಗೇ ಸೇರ್ತೀಯ ಅಂದ್ರು. ಇವತ್ತು ಮಧ್ಯಾಹ್ನವೇ ಸೇರು ಅಂದ್ರಾ?"

"ಪವಿತ್ರವಾದದ್ದು ಸಿಸ್ಟರ್. ತೊಳೆದು ಹೋಗಬಾರದು ಅಂತ."

"ಬೂದಿ ಮೇಲೆ ಭಾರ ಹಾಕಬೇಡ. ನಿನ್ನ ಮುಖ ನೀರೊಳಗೆ ಹೋಗಲ್ಲ, ಅಷ್ಟೇ ವಿಷಯ. ನಾಳೆ ಹಣೆ ಖಾಲಿ ಇದ್ರೂ ಹೋಗಲ್ಲ."

ಅದು ನಿಜವಾಗಿತ್ತು. ಅರ್ಲೀನ್ ಈಜು ಟೊಪ್ಪಿ ತೆಗೆದಳು. ನೀರಿಗೆ ಇಳಿದು ಬಂದಿದ್ದರೂ ಅವಳ ಕೂದಲು ಗರಿಗರಿಯಾಗಿ ಒಣಗಿತ್ತು.

ಸೇಂಟ್ ಓಡೀಲಿಯಾ ಕಾಲೇಜು ಮಿಸಿಸಿಪ್ಪಿ ನದಿಯ ಮೇಲಿನ ಗುಡ್ಡದಲ್ಲಿದೆ. ಹಿಂದೆ ಅಯೋವಾದ ಮೆಕ್ಕೆಜೋಳದ ಹೊಲ, ಮುಂದೆ ನೀರು. ಸಾವಿರ ಮಕ್ಕಳೂ ಇಲ್ಲದ ಕಾಲೇಜಾದರೂ ಠೇಂಕಾರಕ್ಕೆ ಕಡಿಮೆಯಿಲ್ಲ. ಇಲ್ಲಿ ಲೆಕ್ಕ ಓದುವವಳು ಚಿತ್ರ ಬಿಡಿಸಬೇಕು, ಚಿತ್ರ ಬಿಡಿಸುವವನು ಸಂತ ಥಾಮಸರ ತರ್ಕ ಓದಬೇಕು, ತರ್ಕ ಓದುವವನು ಕಪ್ಪೆ ಕೊಯ್ಯಬೇಕು, ಮತ್ತು ಎಲ್ಲರೂ ಈಜಬೇಕು. ಬರೀ ಹುಡುಗಿಯರ ಕಾಲೇಜಾಗಿದ್ದ ಹಳೆಯ ಕಾಲದಲ್ಲಿ ವಿಹಾರಕ್ಕೆ ಹೋದ ದೋಣಿಯೊಂದು ಮಗುಚಿತ್ತಂತೆ. ಇಬ್ಬರು ಹುಡುಗಿಯರನ್ನು ಹೂಳಿ ಬಂದ ಸಿಸ್ಟರುಗಳು ಅಂದೇ ನಿಯಮ ಮಾಡಿದರು: ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ, ಗೋಡೆ ಮುಟ್ಟಿ, ಎಲ್ಲಿಯೂ ಹಿಡಿದು ನಿಲ್ಲದೆ ವಾಪಸು ಬರದವರಿಗೆ ಡಿಗ್ರಿ ಇಲ್ಲ. ಆಮೇಲೆ ಗಂಡುಹುಡುಗರು ಬಂದರು, ಸಿಸ್ಟರುಗಳು ಒಬ್ಬೊಬ್ಬರಾಗಿ ಸ್ಮಶಾನ ಸೇರಿದರು, ನಿಯಮ ಮಾತ್ರ ಕದಲಲಿಲ್ಲ. ಈಗ ಅದರ ಕಾವಲಿಗೆ ಉಳಿದವರು ಸಿಸ್ಟರ್ ಹೆಡ್ವಿಗ್ ಒಬ್ಬರೇ.

ಅರ್ಲೀನಳಿಗೆ ಐವತ್ತೆಂಟು. ಹಸು ಕರೆದು, ಅಡುಗೆ ಮಾಡಿಟ್ಟು, ವರ್ಷಕ್ಕೆ ಒಂದೋ ಎರಡೋ ವಿಷಯದಂತೆ ಓದಲು ಶುರುಮಾಡಿದವಳು. ಗಂಡ ಲಿರಾಯ್ ಹೃದಯಾಘಾತದಲ್ಲಿ ಹೋದ ಮೇಲೆ ಹಸುಗಳನ್ನು ಕೊಟ್ಟುಬಿಟ್ಟು ಪೂರ್ತಿ ಓದಿಗೆ ಬಿದ್ದಳು. ಅವಳ ಮೂರು ಮಕ್ಕಳೂ ಇದೇ ಕಾಲೇಜಿನಲ್ಲಿ ಓದಿ, ಇದೇ ಕೊಳ ದಾಟಿ ಹೋದವರು. ಊರಿನ ಚರ್ಚಿನ ಶಾಲೆಯಲ್ಲಿ ಅವಳು ಎರಡನೇ ತರಗತಿಗೆ ಸಹಾಯಕಿ. ಇಪ್ಪತ್ತು ವರ್ಷದಿಂದ ಮಕ್ಕಳ ಮೂಗು ಒರೆಸಿ, ಲೇಸು ಕಟ್ಟಿ, ಟೀಚರು ರಜೆ ಹಾಕಿದ ದಿನ ಪಾಠವನ್ನೂ ಮಾಡಿದವಳು. ಆ ಟೀಚರು ಈ ವರ್ಷ ನಿವೃತ್ತಿ. ಮುಖ್ಯೋಪಾಧ್ಯಾಯರು ಬಾಯಿಬಿಟ್ಟೇ ಹೇಳಿದ್ದರು: ಮೇ ತಿಂಗಳಲ್ಲಿ ಡಿಗ್ರಿ ತಂದರೆ ತರಗತಿ ನಿನ್ನದು, ಇಲ್ಲದಿದ್ದರೆ ಪಕ್ಕದ ಊರಿನ ಹುಡುಗಿಯೊಬ್ಬಳು ಕಾಯುತ್ತಿದ್ದಾಳೆ. ಆ ತರಗತಿ ಅವಳಿಗೆ ಬೇಕಿತ್ತು. ಬೇರೆ ಯಾವುದನ್ನೂ ಅವಳು ಜೀವನದಲ್ಲಿ ಅಷ್ಟು ಬಯಸಿದ್ದಿಲ್ಲ.

ಆದರೆ ನೀರು. ಮುಖ ತೊಳೆಯುವುದಕ್ಕೂ ಅವಳು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವವಳು. ಯಾಕೆಂದು ಕೇಳಿದರೆ ಹೇಳಲು ಕಥೆಯೂ ಇಲ್ಲ; ಯಾರೂ ಅವಳನ್ನು ನೂಕಿರಲಿಲ್ಲ, ಯಾರೂ ಮುಳುಗಿರಲಿಲ್ಲ. ಹುಟ್ಟಿದಾಗಿನಿಂದ ಹಾಗೇ. ಜ್ಞಾನಸ್ನಾನದಲ್ಲಿ ತಲೆಗೆ ನೀರು ಹೊಯ್ದಾಗ ಪಾದ್ರಿಯ ಕನ್ನಡಕ ಕಿತ್ತು ಎಸೆದಳೆಂದು ಅವಳ ತಾಯಿ ಹೇಳುತ್ತಿದ್ದುದುಂಟು.

ಡೀನ್ ಫಾದರ್ ಕಾನ್ರಾಡ್ ಒಳ್ಳೆಯ ಮನುಷ್ಯ. ಅವಳ ಪರವಾಗಿ ಸಿಸ್ಟರ ಹತ್ತಿರ ಹೋಗಿ ಬಂದರು. "ತಪಸ್ಸು ಕಾಲದ ಶುಕ್ರವಾರ ಮಾಂಸ ಇಲ್ಲ, ಆದ್ರೂ ಸಂತ ಪ್ಯಾಟ್ರಿಕ್ಕರ ಹಬ್ಬ ಅವತ್ತು ಬಿದ್ರೆ ಬಿಷಪ್ಪರೇ ತಿನ್ನೋಕೆ ವಿನಾಯಿತಿ ಕೊಡ್ತಾರೆ ಸಿಸ್ಟರ್. ನಾವು ಒಂದು ಈಜಿಗೆ ಕೊಡಬಾರದಾ?"

"ಬಿಷಪ್ಪರು ಮಾಂಸಕ್ಕೆ ಕೊಡ್ತಾರೆ ಫಾದರ್. ನದಿ ಯಾರಿಗಾದ್ರೂ ವಿನಾಯಿತಿ ಕೊಟ್ಟಿದ್ದು ನಾನು ಕೇಳಿಲ್ಲ."

ಫಾದರ್ ತಮ್ಮ ಕಾಫಿ ಲೋಟ ಎತ್ತಿಕೊಂಡು ವಾಪಸು ಬಂದರು.

ಆ ವಾರದ ಶುಕ್ರವಾರ ಊಟದ ಹಾಲಿನಲ್ಲಿ ಕರಿದ ಮೀನು, ಬೆಂದ ಕೋಸು. ತಪಸ್ಸು ಕಾಲದ ಮೊದಲ ವಾರ ಇಲ್ಲಿ ಎಲ್ಲ ಮೇಜಿನ ಮೇಲೂ ಒಂದೇ ಮಾತು: ಈಸ್ಟರ್ ತನಕ ವ್ರತಕ್ಕೆ ಯಾರು ಏನು ಬಿಟ್ಟರು. ಡೆಲಾನಿ ಸೋಡಾ ಬಿಟ್ಟಿದ್ದಳು. ಅವಳ ಕೋಣೆಯ ಗೆಳತಿ ಬೈಗುಳ ಬಿಟ್ಟು, ಗುರುವಾರಕ್ಕೇ ಸೋತಿದ್ದಳು. ಇಪ್ಪತ್ತೊಂದರ ಡೆಲಾನಿಗೂ ಅರ್ಲೀನಳಿಗೂ ಗೆಳೆತನ ಬೆಳೆದದ್ದು ತರ್ಕದ ತರಗತಿಯಲ್ಲಿ. ಒಬ್ಬಳಿಗೆ ಅರ್ಥವಾದದ್ದು ಇನ್ನೊಬ್ಬಳಿಗೆ ಆಗುತ್ತಿರಲಿಲ್ಲವಾದ್ದರಿಂದ ಇಬ್ಬರೂ ಪಾಸಾಗಿದ್ದರು. ಸಿಸ್ಟರ್ ಹೆಡ್ವಿಗ್ ತಟ್ಟೆ ಹಿಡಿದುಕೊಂಡು ಬಂದು ಅವರ ಎದುರಿಗೇ ಕುಳಿತರು.

"ನೀನೇನು ಬಿಟ್ಟೆ ಅರ್ಲೀನ್?"

"ಚಾಕೊಲೇಟು ಸಿಸ್ಟರ್."

"ಚಾಕೊಲೇಟು ತಿನ್ನು. ಒಣ ಮುಖ ಬಿಡು."

"ಏನು ಬಿಡಲಿ?"

"ಒಣ ಮುಖ. ಈಸ್ಟರ್ ತನಕ ದಿನಾ ಬೆಳಗ್ಗೆ ಬೇಸಿನ್ ತುಂಬ ನೀರು ಹಿಡಿದು ಮುಖ ಒಳಗಿಡು. ಒಂದು ನಮೋ ಮರಿಯಾ ಜಪ ಮನಸ್ಸಲ್ಲೇ ಹೇಳಿ ಮುಗಿಸೋ ತನಕ. ಒಂದು ವಾರ ಆದ್ಮೇಲೆ ಕೊಳಕ್ಕೆ ಬಾ, ಸೂರ್ಯ ಹುಟ್ಟೋ ಹೊತ್ತಿಗೆ."

ಡೆಲಾನಿ ಮೀನು ಗಂಟಲಿಗೆ ಸಿಕ್ಕವಳ ಹಾಗೆ ನಗು ತಡೆದಳು. ಅರ್ಲೀನ್ ಬೆರಳಲ್ಲಿ ದಿನ ಎಣಿಸಿ, "ಭಾನುವಾರ ವ್ರತ ಇಲ್ಲವಲ್ಲ ಸಿಸ್ಟರ್, ಅವತ್ತು ಒಣ ಮುಖ ಇರಬಹುದಾ?" ಎಂದಳು.

"ದೇವರಿಗೆ ಅಭ್ಯಂತರ ಇಲ್ಲ. ನನಗಿದೆ."

ಹೀಗೆ ಶುರುವಾಯಿತು. ಮೊದಲ ದಿನ ಅಡುಗೆಮನೆಯ ಬೇಸಿನ್ನಿನಲ್ಲಿ ಮೂಗಿನ ತುದಿ ಮಾತ್ರ ತೋಯ್ದಿತು. ಅವಳು ಅತ್ತಳು, ಅತ್ತದ್ದರಿಂದ ಮುಖ ಹೇಗೂ ಒದ್ದೆಯಾಯಿತಲ್ಲ ಎಂದು ತನ್ನನ್ನೇ ಹಂಗಿಸಿಕೊಂಡು ಕಣ್ಣು ಮುಚ್ಚಿ ಮುಳುಗಿಸಿದಳು. ವ್ರತವೆಂದರೆ ವ್ರತ. ಗೋದಿ ಬಿಟ್ಟವರು ಬ್ರೆಡ್ಡು ಕದ್ದು ತಿನ್ನಬಹುದು, ತಪಸ್ಸು ಕಾಲದಲ್ಲಿ ಕೊಟ್ಟ ಮಾತನ್ನು ಡೀಟ್ಸ್ ಮನೆತನದಲ್ಲಿ ಯಾರೂ ಮುರಿದಿರಲಿಲ್ಲ.

ಕೊಳದಲ್ಲಿ ಬೇರೆಯದೇ ತೊಂದರೆ ಎದುರಾಯಿತು. ಸಿಸ್ಟರ ಲೆಕ್ಕದಲ್ಲಿ ನಮೋ ಮರಿಯಾ ಜಪದ ಮೊದಲರ್ಧಕ್ಕೆ ಮುಖ ನೀರೊಳಗಿದ್ದು ಉಸಿರು ಬಿಡಬೇಕು, ನಡುವೆ ಪಕ್ಕಕ್ಕೆ ತಿರುಗಿ ಉಸಿರೆಳೆಯಬೇಕು. ಅರ್ಲೀನ್ ಊರಿನಲ್ಲೇ ಅತಿ ವೇಗದ ಜಪಮಾಲೆಗೆ ಹೆಸರಾದವಳು. ಹಸು ಕರೆಯುವ ಹೊತ್ತಿಗೆ ಜಪಮಾಲೆಯ ಐದು ರಹಸ್ಯಗಳ ಐವತ್ತು ಜಪವನ್ನೂ ಮುಗಿಸುವ ಅಭ್ಯಾಸ. ನೀರಿನಲ್ಲಿ ಅವಳ ಜಪ ರೈಲಿನ ಹಾಗೆ ಓಡಿ, ಉಸಿರು ಬಿಡುವ ಮೊದಲೇ ತಲೆ ಮೇಲೇಳುತ್ತಿತ್ತು.

"ನಿನ್ನ ಜಪ ಕೇಳಿದ್ರೆ ಮರಿಯಾ ಮಾತೆಗೆ ತಲೆ ಸುತ್ತಬೇಕು," ಎಂದರು ಸಿಸ್ಟರ್. "ಯಾವತ್ತಾದ್ರೂ ಆ ಮಾತುಗಳನ್ನ ನಿಂತು ಕೇಳಿಸ್ಕೊಂಡಿದ್ದೀಯಾ?"

"ಹಾಲು ಕಾಯ್ತಿತ್ತಲ್ಲ ಸಿಸ್ಟರ್."

"ಈಗ ಹಾಲಿಲ್ಲ. ನಿಧಾನ."

ನಿಧಾನವಾಗಿ ಹೇಳುವುದನ್ನು ಕಲಿಯುವುದಕ್ಕೇ ಒಂದು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ, ಒಂದೊಂದೇ ಪದ ಹಿಡಿದು ಹೋಗುತ್ತಿದ್ದಾಗ, ಕಾಲು ತಾನಾಗಿ ಮೇಲೆ ಬಂದು ಅವಳು ತೇಲಿದಳು. ಅದಕ್ಕೆ ಎಷ್ಟು ಆಶ್ಚರ್ಯಪಟ್ಟಳೆಂದರೆ ಉಸಿರೆಳೆಯುವುದನ್ನೇ ಮರೆತು ನೀರು ಕುಡಿದಳು. ಈಸ್ಟರ್ ಕಳೆಯುವ ಹೊತ್ತಿಗೆ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುತ್ತಿದ್ದಳು.

ಮುಟ್ಟಿ ಅಲ್ಲಿಯೇ ಉಳಿಯುತ್ತಿದ್ದಳು. ಹೋಗುವುದು ಬಂದಿತ್ತು, ಬರುವುದು ಬರಲಿಲ್ಲ. ಗೋಡೆ ಕೈಗೆ ಸಿಕ್ಕಿದ್ದೇ ತಡ, ಉಡದ ಪಟ್ಟು ಹಿಡಿದು ಅದಕ್ಕೆ ಕಚ್ಚಿಕೊಳ್ಳುವಳು. ಗಟ್ಟಿಯಾದದ್ದು ಕೈಯಲ್ಲಿರುವಾಗ ಅದನ್ನು ಬಿಟ್ಟು ಮತ್ತೆ ಆಳದ ಕಡೆಗೆ ಮುಖ ಮಾಡಲು ಅವಳ ಮೈ ಒಪ್ಪುತ್ತಿರಲಿಲ್ಲ. ಡೆಲಾನಿ ಕೂಗಿ, ಬೇಡಿ, ಬೆರಳು ಬಿಡಿಸಲು ನೋಡಿ ಸೋತಳು. ಏಪ್ರಿಲ್ ಪೂರ್ತಿ ಹೀಗೇ ಹೋಯಿತು.

ಈಜು ಪರೀಕ್ಷೆಯ ಕೊನೆಯ ದಿನ ಘಟಿಕೋತ್ಸವದ ಹಿಂದಿನ ವಾರ ಬಂತು. ಆ ದಿನ ಈಜಲು ಉಳಿದಿದ್ದವಳು ಅರ್ಲೀನ್ ಒಬ್ಬಳೇ, ಆದರೆ ಸಣ್ಣ ಕಾಲೇಜಿನಲ್ಲಿ ಗುಟ್ಟೆಂಬುದಿಲ್ಲ. ವಾಲಿಬಾಲ್ ಹುಡುಗಿಯರು, ಗಾಯನ ತಂಡದವರು, ಫಾದರ್ ಕಾನ್ರಾಡ್, ಊಟದ ಹಾಲಿನ ಹೆಂಗಸರು, ಬೀಜದ ಕಂಪನಿಯ ಟೊಪ್ಪಿ ಹಾಕಿಕೊಂಡ ಅವಳ ಹಿರಿಮಗ ಕರ್ಟ್, ಎಲ್ಲರೂ ಕೊಳದ ಬೆಂಚುಗಳ ಮೇಲೆ ತುಂಬಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅರ್ಲೀನ್ ಈಜುಡುಪು ಹಾಕಿಕೊಂಡು, ಎರಡು ಕೈಯಲ್ಲೂ ಬೆಂಚಿನ ಅಂಚು ಹಿಡಿದು ಕುಳಿತಿದ್ದಳು. ಏಳಲು ಆಗುತ್ತಿರಲಿಲ್ಲ.

ಸಿಸ್ಟರ್ ಹೆಡ್ವಿಗ್ ಒಳಗೆ ಬಂದು ಬಾಗಿಲು ಹಾಕಿದರು. ಆಮೇಲೆ ಅರ್ಲೀನಳ ಪಕ್ಕ ಕುಳಿತು ತಗ್ಗಿದ ದನಿಯಲ್ಲಿ ಹೇಳಿದರು, "ಬಟ್ಟೆ ಹಾಕ್ಕೋ ಅರ್ಲೀನ್. ಇವತ್ತು ಬೆಳಗ್ಗೆಯೇ ನನ್ನೆದುರಿಗೆ ಈಜಿ ಮುಗಿಸಿದಳು ಅಂತ ಹೊರಗೆ ಹೇಳ್ತೀನಿ. ಶನಿವಾರ ಪಾಪ ನಿವೇದನೆಗೆ ಹೇಗೂ ಹೋಗ್ತೀನಿ. ಈ ವಯಸ್ಸಿಗೆ ನನಗೂ ಹೇಳೋಕೆ ಒಂದು ಹೊಸ ಪಾಪ ಬೇಕು."

ಅರ್ಲೀನ್ ತಲೆಯೆತ್ತಿದಳು. ಮೊದಲು ಅವಳಿಗೆ ಅಳು ಬಂತು, ಹಿಂದೆಯೇ ಕೋಪ ಬಂತು, ಮತ್ತು ಕೋಪವೇ ದೊಡ್ಡದಾಯಿತು.

"ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಹೀಗೆ ಹೇಳಿದ್ದೀರಾ ಸಿಸ್ಟರ್?"

"ಇಲ್ಲ."

"ಮತ್ತೆ ನನಗ್ಯಾಕೆ?"

"ನಿನಗೆ ಆ ಮಕ್ಕಳು ಬೇಕು. ಆ ಮಕ್ಕಳಿಗೂ ನೀನು ಬೇಕು. ನಾನು ಮುದುಕಿ, ನನಗೂ ಹೆದರಿಕೆ ಆಗುತ್ತೆ."

"ಅಂದ್ರೆ ನನ್ನಿಂದ ಆಗಲ್ಲ ಅಂತ ನೀವೂ ಅಂದ್ಕೊಂಡಿದ್ದೀರ."

ಅರ್ಲೀನ್ ಎದ್ದು ನಿಂತಳು. "ಆಗಸ್ಟಿನಲ್ಲಿ ಶಾಲೆ ಶುರುವಾದಾಗ ಆ ಮಕ್ಕಳ ಮುಂದೆ ನಿಂತ್ಕೊಂಡು ಸುಳ್ಳು ಹೇಳಬೇಡಿ ಅಂತ ಹೇಳಬೇಕಾದವಳು ನಾನು," ಎಂದಳು. "ಪಾಪ ಬೇಕಿದ್ರೆ ಬೇರೆ ಹುಡುಕ್ಕೊಳ್ಳಿ."

ಅವಳು ಹೊರಗೆ ಬಂದಾಗ ಹರಟೆ ನಿಂತಿತು. ಚರ್ಚಿನಲ್ಲಿಯೂ ಅಷ್ಟು ಮೌನ ಇರುವುದಿಲ್ಲ. ಅರ್ಲೀನ್ ಯಾರನ್ನೂ ನೋಡದೆ ಏಣಿ ಇಳಿದು, ಒಮ್ಮೆ ಉಸಿರೆಳೆದು ಮುಖವನ್ನು ನೀರಿಗೆ ಕೊಟ್ಟಳು. ಒಂದೊಂದೇ ಪದ. ಉಸಿರು ಬಿಡು, ತಿರುಗು, ಎಳೆದುಕೋ. ಕೆಳಗೆ ನೆಲದ ನೀಲಿ ಹಂಚುಗಳು ಹಿಂದೆ ಸರಿಯುತ್ತಿದ್ದವು, ಆಳ ಬಂತು, ಹಂಚುಗಳು ಮಸುಕಾದವು. ಅವಳು ಜಪ ಬಿಡಲಿಲ್ಲ, ಓಡಿಸಲೂ ಇಲ್ಲ.

ಅಂಗೈಗೆ ಗೋಡೆ ತಾಗಿತು. ಬೆರಳುಗಳು ಅಭ್ಯಾಸದಂತೆ ಅಂಚಿನ ಕಡೆಗೆ ಹೊರಟವು. ಬೆಂಚಿನ ಮೇಲೆ ಕರ್ಟ್ ಟೊಪ್ಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಗೋಡೆಯ ಈಚೆ, ನೀರಿನಲ್ಲಿ, ಅರ್ಲೀನಳ ಕೋಪ ಇನ್ನೂ ಆರಿರಲಿಲ್ಲ. ನನ್ನ ಸಲುವಾಗಿ ಸುಳ್ಳು ಹೇಳುವಷ್ಟು ಮುದುಕಿಯನ್ನು ಕುಗ್ಗಿಸಿದೆನಲ್ಲ ಎಂಬ ಸಿಟ್ಟು ಅದು, ಸಿಸ್ಟರ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಬೆರಳು ಮಡಚುವ ಮೊದಲೇ ಎರಡು ಕಾಲನ್ನೂ ಗೋಡೆಗೆ ಕೊಟ್ಟು ಒದ್ದಳು. ಒದೆತ ಎಷ್ಟು ಜೋರಾಗಿತ್ತೆಂದರೆ ಆಳದ ಅರ್ಧಭಾಗವನ್ನು ಅವಳು ಕೈ ಆಡಿಸುವ ಮೊದಲೇ ದಾಟಿದ್ದಳು.

ನಡುವೆ ಒಮ್ಮೆ ನೀರು ಕುಡಿದಳು. ತಲೆಯೆತ್ತಿ ಕೆಮ್ಮಿದಾಗ ಬೆಂಚುಗಳಿಂದ ಅಯ್ಯೋ ಎಂಬ ಸದ್ದು ಬಂತು. "ನಿಧಾನ ಅರ್ಲೀನ್, ಹಾಲಿಲ್ಲ ಈಗ, ಹಾಲಿಲ್ಲ," ಎಂದು ಡೆಲಾನಿ ದಂಡೆಯಲ್ಲಿ ಬಗ್ಗಿ ಅಳುತ್ತ ನಗುತ್ತ ಹೇಳುತ್ತಿದ್ದಳು. ಅರ್ಲೀನ್ ಮತ್ತೆ ಮುಖ ಮುಳುಗಿಸಿದಳು. ನೀರು ತಂಪಾಗಿತ್ತು. ಅದು ತಂಪಾಗಿದೆ ಎಂಬುದನ್ನು ಅವಳು ಅದೇ ಮೊದಲ ಸಲ ಗಮನಿಸಿದಳು. ಇನ್ನೆರಡು ಉಸಿರಿಗೆ ಈ ಕಡೆಯ ಗೋಡೆ ಸಿಕ್ಕಿತು.

ಆಮೇಲೆ ಎದ್ದ ಗದ್ದಲಕ್ಕೆ ಕಿಟಕಿಯ ಗಾಜು ಒಡೆಯದಿದ್ದದ್ದೇ ಪುಣ್ಯ. ವಾಲಿಬಾಲ್ ಹುಡುಗಿಯರು ಬೆಂಚು ಹತ್ತಿ ಕುಣಿದರು, ಗಾಯನ ತಂಡದವರು ಕೇಳುವವರಿಲ್ಲದಿದ್ದರೂ ಸ್ತುತಿಗೀತೆ ಎತ್ತಿಕೊಂಡರು. ಕರ್ಟ್ "ಅವಳು ನಮ್ಮಮ್ಮ" ಎಂದು ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತ ಅಲೆಯುತ್ತಿದ್ದ. ಫಾದರ್ ಕಾನ್ರಾಡರ ಅರ್ಧ ಕಾಫಿ ಅವರ ಅಂಗಿಯ ಮೇಲಿತ್ತು.

ಸಿಸ್ಟರ್ ಹೆಡ್ವಿಗ್ ದಂಡೆಯಲ್ಲಿ ಕಷ್ಟಪಟ್ಟು ಮೊಣಕಾಲೂರಿ ಟವೆಲು ಬಿಡಿಸಿ ಹಿಡಿದರು. "ಆಯ್ತು. ಮುಗೀತು. ಬಾ ಮೇಲೆ, ಮುಖ ಒರೆಸ್ಕೋ."

ಅರ್ಲೀನ್ ಟವೆಲನ್ನು ನೋಡಿದಳು. ಕಣ್ಣರೆಪ್ಪೆಯಿಂದ, ಮೂಗಿನಿಂದ, ಗದ್ದದಿಂದ ನೀರು ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಒಂದು ನಿಮಿಷ ಇರಿ ಸಿಸ್ಟರ್," ಎಂದಳು.

ಹಾಗೆಂದು ಹಿಂದಕ್ಕೆ ತಿರುಗಿ, ಗೋಡೆಯಿಂದ ಕೈ ಬಿಟ್ಟು, ಯಾರೂ ಕೇಳಿರದ ಇನ್ನೊಂದು ಸುತ್ತಿಗೆ ಹೊರಟಳು. ಗದ್ದಲ ತಾನಾಗಿ ಇಳಿಯಿತು. ಸಿಸ್ಟರ್ ಹೆಡ್ವಿಗ್ ಡೆಲಾನಿಯ ಕೈ ಹಿಡಿದು ಎದ್ದು, ಬಿಡಿಸಿದ ಟವೆಲನ್ನು ಹಾಗೆಯೇ ತೋಳಿನ ಮೇಲೆ ಹಾಕಿಕೊಂಡು, ಈಜುವವಳ ಸರಿಸಮಕ್ಕೆ ದಂಡೆಯಗುಂಟ ನಡೆಯತೊಡಗಿದರು.