ಕಿವಿ ಮೇಸ್ತ್ರಿ

ಯಾವ ಕೋಣೆಯನ್ನೇ ಆಗಲಿ ಅವರು ನೇರವಾಗಿ ಪ್ರವೇಶಿಸಿದ್ದನ್ನು ಕಂಡವರಿಲ್ಲ. ಹೊಸ್ತಿಲ ಬಳಿ ಒಂದು ಕ್ಷಣ ನಿಂತು, ಕತ್ತನ್ನು ತುಸು ವಾಲಿಸಿ, ಒಳಗಿನ ಸದ್ದುಗಳ ಹಾಜರಿಯನ್ನೆಲ್ಲ ತೆಗೆದುಕೊಂಡ ಮೇಲೆಯೇ ಕಾಲು ಒಳಗಿಡುತ್ತಿದ್ದರು. ಮನುಷ್ಯರಿಗೆ ನಮಸ್ಕಾರ ಆಮೇಲೆ. ಮಾವನಾಗಲಿದ್ದವರ ಮನೆಗೆ ಮೊದಲ ಸಲ ಹೋದಾಗಲೂ ಅವರ ಬಾಯಿಂದ ಬಂದ ಮೊದಲ ಮಾತು, “ನಿಮ್ಮ ಫ್ಯಾನಿನ ಬೇರಿಂಗ್ ಹೋಗ್ತಾ ಇದೆ.” ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕದ್ದನ್ನೂ ಆ ಕಿವಿ ಬಿಟ್ಟಿರಲಿಲ್ಲ, ಕೊನೆಗೆ ಆ ನಗುವನ್ನೇ ಮದುವೆಯಾದರು.

ಕಬ್ಬಿಣವನ್ನು ಗಿರಗಿರನೆ ತಿರುಗಿಸಿ ಕಡೆಯುವ ಲೇತ್ ಯಂತ್ರಗಳ ಗೇರ್ ಪೆಟ್ಟಿಗೆ ರಿಪೇರಿ ಮಾಡುವುದು ಅವರ ಕಸುಬು. ತೋಳು ಸವೆದ ನೀಲಿ ಕೋಟಿನ ಒಳಜೇಬಿನಲ್ಲಿ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಒಂದಿರುತ್ತಿತ್ತು. ಅದರ ತುದಿಯನ್ನು ತಿರುಗುವ ಯಂತ್ರದ ಮೈಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿ ಅವರು ಕಣ್ಣು ಮುಚ್ಚಿದರೆಂದರೆ ಸುತ್ತಲಿನವರ ಉಸಿರೂ ಮೆಲ್ಲಗಾಗಬೇಕು. “ಅದು ಹೇಳ್ತಾ ಇದೆ. ನೀವು ಬಾಯಿ ಮುಚ್ಚಿದ್ರೆ ನಂಗೂ ಕೇಳಿಸುತ್ತೆ” ಎಂದು ಕಾರ್ಖಾನೆಯ ಯಜಮಾನರನ್ನೇ ಗದರಿದ್ದುಂಟು. ಮಗಳು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಅವಳ ಮನಸ್ಸಿನ ಹವಾಮಾನ ತಿಳಿದುಬಿಡುತ್ತಿತ್ತು. “ಅಪ್ಪನ ಹತ್ರ ಗುಟ್ಟು ಇಟ್ಕೋಬೇಕಾದ್ರೆ ಹಾರಿಕೊಂಡೇ ಬರಬೇಕು” ಎಂದು ಅವಳು ಗೊಣಗುತ್ತಿದ್ದಳು. ಹೀಗೆ ಹುಟ್ಟಿದ ಹೆಸರು ಕಿವಿ ಮೇಸ್ತ್ರಿ. ಸ್ವಂತ ಹೆಸರು ಯಾರ ನಾಲಗೆಗೂ ನೆನಪಿಲ್ಲದಷ್ಟು ಅದು ನಿಂತುಬಿಟ್ಟಿತ್ತು.

ಆ ಕಿವಿಗೆ ಮಂಜು ಕವಿದದ್ದು ಒಂದೇ ದಿನದಲ್ಲಲ್ಲ. ಮೊದಲು ಗಡಿಯಾರ ಮೌನವಾಯಿತು, ಆಮೇಲೆ ಕಿಟಕಿಯಾಚೆಯ ಹಕ್ಕಿಗಳು. ನಲ್ಲಿ ತಿರುಗಿಸಿದರೆ ನೀರು ಸದ್ದಿಲ್ಲದೆ, ಬೆಳಕಿನ ಕಡ್ಡಿಯಂತೆ ಇಳಿಯತೊಡಗಿತು. ಬೀದಿಯಲ್ಲಿ ಬಂಡಿಗಳು ಹತ್ತಿಯ ಮೇಲೆ ಉರುಳುವಂತೆ ಹಾದುಹೋದವು. ಲೋಕವೆಲ್ಲ ಗಾಜಿನಾಚೆ ನಿಂತು ತುಟಿಯಾಡಿಸುತ್ತಿದ್ದಂಥ ಆ ದಿನಗಳಲ್ಲಿ ಒಂದು ಬಗೆಯ ಸುಖವೂ ಇತ್ತೆನ್ನಬೇಕು. ಆದರೆ ಕಸುಬಿನ ನೆನಪಾದೊಡನೆ ಅದು ಭಯವಾಗುತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ. ತುಟಿಗಳನ್ನು ಓದುವುದು ಕಲಿತರು, ನಗುವವರೊಡನೆ ಅರ್ಧ ಕ್ಷಣ ತಡವಾಗಿ ನಕ್ಕರು, ಹೂಂಗುಟ್ಟುತ್ತ ದಿನ ದೂಡಿದರು.

ಹೀಗಿರುವಾಗ ಹಳೆಯ ಕಾರ್ಖಾನೆಯಿಂದ ಕರೆ ಬಂತು. ಅವರು ಕಸುಬು ಕಲಿತದ್ದೇ ಅಲ್ಲಿಯ ದೊಡ್ಡ ಲೇತಿನ ಮೇಲೆ. ಈಗ ಅದು ನಿಧಾನದ ವೇಗಕ್ಕೆ ಹಾಕಿದರೆ ಸಾಕು, ಒಳಗೊಳಗೇ ಬಡಿದುಕೊಳ್ಳುತ್ತಿತ್ತು. “ಇದೊಂದು ಸಲ ನೋಡಿ ಮೇಸ್ತ್ರಿಗಳೇ. ಆಗಲ್ಲ ಅಂದ್ರೆ ವಾರದ ಕೊನೆಗೆ ಗುಜರಿಯವನು ಬರ್ತಾನೆ” ಎಂದ ಯಜಮಾನ.

ಮೇಸ್ತ್ರಿ ಗೇರ್ ಪೆಟ್ಟಿಗೆಯ ಮುಚ್ಚಳ ತೆಗೆದು ಎಣ್ಣೆ ಬಸಿದರು. ಜೇನಿನಂತೆ ಮಂದವಾಗಿ ಇಳಿದ ಕಪ್ಪೆಣ್ಣೆಯ ತಳದಲ್ಲಿ ಚಕ್ರವೊಂದರ ಮುರಿದ ಹಲ್ಲು ಸಿಕ್ಕಿತು. ಚಕ್ರದಲ್ಲಿ ಅದು ಮುರಿದ ಜಾಗಕ್ಕೆ ಕಚ್ಚು ಕೊರೆದು, ಹೊಸ ಉಕ್ಕಿನ ತುಂಡನ್ನು ಕೂರಿಸಿ ಬೆಸೆದು, ಅರದಿಂದ ತೀಡಿ ಹಲ್ಲಿನ ಆಕಾರಕ್ಕೆ ತಂದರು. ಜೊತೆಯ ಚಕ್ರಕ್ಕೆ ನೀಲಿ ಬಣ್ಣ ಸವರಿ, ಕೈಯಿಂದ ತಿರುಗಿಸಿ, ಬಣ್ಣ ಹತ್ತಿದ ಉಬ್ಬನ್ನು ಮತ್ತೆ ತೀಡಿದರು. ಕಣ್ಣಿಗೂ ಬೆರಳಿಗೂ ಸಂಬಂಧಪಟ್ಟ ಈ ಕೆಲಸದಲ್ಲಿ ಕಿವಿಯ ಹಂಗಿರಲಿಲ್ಲವಾದ್ದರಿಂದ, ಕೊಳದ ತಳದಲ್ಲಿ ಈಜಾಡುವ ಮೀನಿನಷ್ಟು ನೆಮ್ಮದಿಯಾಗಿದ್ದರು.

ಯಂತ್ರವನ್ನು ಚಾಲೂ ಮಾಡಿದಾಗ ಮಾತ್ರ ಆ ನೀರು ಕಲಕಿತು. ಸ್ಕ್ರೂಡ್ರೈವರಿನ ಹಿಡಿಯನ್ನು ಎಷ್ಟು ಒತ್ತಿದರೂ ಬಂದದ್ದು ದೂರದ ನದಿಯಂಥ ಒಂದು ಮೊರೆತ, ಅಷ್ಟೆ. ಕಣ್ಣೆದುರಿಗೆ ಹೊಳೆಯುವ ಉಕ್ಕು ಕನಸಿನಲ್ಲಿ ಸುತ್ತುವಂತೆ ನಯವಾಗಿ ಸುತ್ತುತ್ತಿತ್ತು.

“ಈಗ ಸರಿಹೋಯ್ತು” ಎಂದರು.

ಆ ಲೇತಿನ ಮೇಲೆ ದುಡಿಯುವ ಟರ್ನರ್ ಯಜಮಾನನ ಮುಖ ನೋಡಿದ; ಯಜಮಾನ ನೆಲ ನೋಡಿದ. ಮುಖವೆತ್ತಿದಾಗ ಯಜಮಾನನ ತುಟಿಗಳು ಸಂಕೋಚದಿಂದ ಅಲುಗಿದವು: “ಮೇಸ್ತ್ರಿಗಳೇ, ಇನ್ನೂ ಬಡೀತಾ ಇದೆಯಲ್ಲ.”

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮೇಸ್ತ್ರಿ ಕೋಟನ್ನೂ ಬಿಚ್ಚದೆ ಎದುರಿಗೆ ಕೂತರು.

“ನಂಗೆ ಕೇಳಿಸ್ತಾ ಇಲ್ಲ ಕಣೇ.”

“ಗೊತ್ತು” ಎಂದರು ಆಕೆ, ಅವರಿಗೆ ಕಾಣುವಂತೆ ಮುಖವೆತ್ತಿ.

“ಯಾವಾಗಿಂದ?”

“ನಾನು ಕೆಲಸ ಮಾಡ್ತಾ ಹಾಡು ಗುನುಗ್ತಿದ್ದೆನಲ್ಲ, ಒಂದು ದಿನ ಬೇಕಂತಲೇ ನಿಲ್ಲಿಸಿದೆ. ನಿಮಗೆ ತಿಳೀಲೇ ಇಲ್ಲ.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ನೀವು ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ.”

ಮೇಸ್ತ್ರಿ ಮಡಿಸಿಟ್ಟ ಬಟ್ಟೆಯೊಂದನ್ನು ಬಿಚ್ಚಿ, ಮತ್ತೆ ಮಡಿಸಿದರು. ಯಂತ್ರಕ್ಕೆ ಬೇಕಾದದ್ದನ್ನು ಊರಿಗೆಲ್ಲ ಕೂಗಿ ಹೇಳಬಲ್ಲ ಆ ಮನುಷ್ಯನಿಗೆ ತನಗೆ ಬೇಕಾದದ್ದನ್ನು ಕೇಳಿ ಅಭ್ಯಾಸವಿರಲಿಲ್ಲ.

“ನಾಳೆ ನನ್ನ ಜೊತೆ ಬರ್ತೀಯಾ?”

ಎಷ್ಟೋ ವರ್ಷ ಆ ಕೋಟಿನ ಜಿಡ್ಡು ತೊಳೆದಿದ್ದರೂ ಆಕೆ ಕಾರ್ಖಾನೆಯೊಳಗೆ ಕಾಲಿಟ್ಟವರಲ್ಲ. ಮರುದಿನ ಗಾಜಿನ ಸೂರಿನಿಂದ ಇಳಿದ ಬಿಸಿಲಿನಲ್ಲಿ ಲೋಹದ ಧೂಳು ತೇಲುತ್ತಿತ್ತು. ಟರ್ನರ್ ಯಂತ್ರ ಚಾಲೂ ಮಾಡಿದ. ಆಕೆ ಕಿವಿಗೊಟ್ಟು ನಿಂತು ಏನೋ ಹೇಳಿದರು; ಮೇಸ್ತ್ರಿಗೆ ತಿಳಿಯಲಿಲ್ಲ. ಆಗ ಆಕೆ ಅವರ ಕೋಟಿನ ತೋಳನ್ನು ಮೇಲಕ್ಕೆ ಸರಿಸಿ, ಮುಂಗೈಯ ಮೇಲೆ ಬೆರಳುಗಳಿಂದ ಆ ಸದ್ದನ್ನು ಬಡಿದು ತೋರಿಸಿದರು: ಹೊರಡುವಾಗ ಜೋರಾಗಿ ಒಂದು ಪೆಟ್ಟು, ಅನಂತರ ಸುತ್ತಿಗೊಮ್ಮೆ ಹಗುರವಾಗಿ, ಕುಂಟುವವರ ಹೆಜ್ಜೆಯಂತೆ.

ಮೇಸ್ತ್ರಿ ಕಣ್ಣು ಮುಚ್ಚಿದರು. ಸತ್ತೇಹೋಯಿತೆಂದುಕೊಂಡಿದ್ದ ಲೋಕವೊಂದು ಚರ್ಮದೊಳಗಿನಿಂದ ಮೆಲ್ಲಗೆ ಮಾತಾಡತೊಡಗಿತ್ತು. ಯಂತ್ರ ನಿಂತ ಮೇಲೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಇದು ಹಲ್ಲಿನ ತಂಟೆ ಅಲ್ಲ. ಬೆಣೆ ಸಡಿಲ ಆಗಿದೆ.”

ಚಕ್ರವನ್ನು ಅದರ ದಂಡಕ್ಕೆ ಬಿಗಿಹಿಡಿಯುವ ಉಕ್ಕಿನ ಚಿಕ್ಕ ಬೆಣೆ ಒಂದು ಮಗ್ಗುಲಲ್ಲಿ ಸವೆದಿತ್ತು. ಹಲ್ಲು ಮುರಿಯಲು ಕಾರಣವೂ ಅದೇ ಇದ್ದೀತು. ಹೊಸದನ್ನು ಕಡೆದು, ಉಜ್ಜಿ, ಬೆರಳಿನ ಒತ್ತಡಕ್ಕೆ ಇಷ್ಟಿಷ್ಟೇ ಇಳಿಯುವಂತೆ ಕೂರಿಸಿದರು. ಮತ್ತೆ ಯಂತ್ರ ತಿರುಗಿದಾಗ ತಾವೇ ಮುಂಗೈ ಚಾಚಿದರು. ಆಕೆಯ ಬೆರಳುಗಳು ಬಂದು ಕೂತವು, ಆದರೆ ಅಲುಗಲಿಲ್ಲ.

“ಏನು, ಏನಾಯ್ತು?” ಎಂದರು ಗಾಬರಿಯಿಂದ.

ಆಕೆ ತಲೆಯಾಡಿಸಿದರು. “ಏನಿಲ್ಲ. ಸುಮ್ಮನೆ ತಿರುಗ್ತಾ ಇದೆ.”

ಗುಜರಿಯವನು ಬರಿಗೈಲಿ ಹಿಂತಿರುಗಿದ. ತಮ್ಮ ಕಿವುಡನ್ನು ಮೇಸ್ತ್ರಿ ಆ ದಿನವೇ ಎಲ್ಲರೆದುರು ಹೇಳಿಕೊಂಡರು, ಅದೇನೋ ಸಂಬಳ ಏರಿದ ಸುದ್ದಿಯಂತೆ. ಆಮೇಲೆ ಕರೆದಲ್ಲಿಗೆ ಇಬ್ಬರೂ ಹೋಗತೊಡಗಿದರು. ಅವರನ್ನು ದೂರದಲ್ಲಿ ಕಂಡರೆ ಟರ್ನರುಗಳು, “ಕಿವಿಯೂ ಬಂತು, ಮೇಸ್ತ್ರಿಯೂ ಬಂದ್ರು” ಎನ್ನುತ್ತಿದ್ದರು.

ಇಂದ್ರಿಯವೊಂದನ್ನೇ ಕಸುಬಾಗಿಸಿಕೊಂಡು ಬಾಳಿದವರಿಗೆ ಮುಪ್ಪು ಎಲ್ಲರಿಗೂ ಬರುವಂತೆ ಮೈಯೆಲ್ಲ ಹರಡಿಕೊಂಡು ಬರುವುದಿಲ್ಲ. ಒಂದೇ ಬಾಗಿಲಿನಿಂದ ನುಗ್ಗಿ ಇಡೀ ಮನೆಯನ್ನು ದೋಚಿದಂತೆ ಬರುತ್ತದೆ. ಕಳೆದದ್ದನ್ನು ಮುಚ್ಚಿಡಲು ಅವರು ಪಡುವ ಪಾಡು, ಗಳಿಸಲು ಪಟ್ಟ ಪಾಡಿಗಿಂತ ದೊಡ್ಡದು. ನಮ್ಮ ಭಾಷೆಯಲ್ಲಿ ‘ಕೇಳುವುದು’ ಎಂದರೆ ಆಲಿಸುವುದೂ ಹೌದು, ಬೇಡುವುದೂ ಹೌದು. ಮೊದಲನೆಯದರಲ್ಲಿ ಇಂಥವರು ಮಹಾಪಂಡಿತರು. ಎರಡನೆಯದರ ಅಕ್ಷರಾಭ್ಯಾಸಕ್ಕೆ ಅರ್ಧ ಆಯುಷ್ಯ ತೆಗೆದುಕೊಳ್ಳುತ್ತಾರೆ, ಮತ್ತು ಆ ಪಾಠ ಹೇಳಿಕೊಡಬಲ್ಲವರು ಪಕ್ಕದಲ್ಲೇ ಬಟ್ಟೆ ಮಡಿಸುತ್ತ ಕಾಯುತ್ತಿರುತ್ತಾರೆ.