ಪಕ್ಕ ಬದಲಿಸಿದ ನೋವು

ಮಂಚಮ್ಮನ ಸೊಸೆ ರಂಜಿತ ಎಡ ಕಿಬ್ಬೊಟ್ಟೆ ಹಿಡಿದು ಕುಳಿತದ್ದೇ ತಡ, ಮಗ ಧರ್ಮೇಂದ್ರ ಅದು ಅಪೆಂಡಿಕ್ಸ್ ಎಂದು ತೀರ್ಪು ಕೊಟ್ಟುಬಿಟ್ಟ. ಹೋದ ವರ್ಷ ತನಗೆ ಆ ಆಪರೇಷನ್ ಆದಮೇಲೆ, ಸಿಂಧಘಟ್ಟದಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ಅವನು ಅಂಗಿ ಎತ್ತಿ ಹೊಲಿಗೆ ತೋರಿಸುತ್ತಿದ್ದ.

"ಕುಯ್ಸಲೇಬೇಕು ಕಣವ್ವ, ತಡ ಮಾಡುದ್ರೆ ಒಡೆದೋಯ್ತದೆ" ಎಂದು ಅವ್ವನನ್ನೂ ಹೆಂಡತಿಯನ್ನೂ ಕೆ.ಆರ್. ಪೇಟೆಯ ಬಸ್ಸು ಹತ್ತಿಸಿ ತಾನೂ ಹತ್ತಿದ. ರಂಜಿತ ಹೆದರಿ ಬಿಳಿಚಿಕೊಂಡಿದ್ದಳು. ಮಂಚಮ್ಮ ಬೆರಳು ಮಡಿಸಿ ದಿನ ಎಣಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಜ್ವರ, ವಾಂತಿ ಇಲ್ಲವೆಂದು ತಿಳಿದು, "ಮುಟ್ಟಾಗಿ ಎಷ್ಟು ದಿನ ಆಯ್ತಮ್ಮ?" ಎಂದರು. ಗಂಡನೆದುರು ರಂಜಿತ ನೆಲ ನೋಡಿದಳು.

"ಇವತ್ತಿಗೆ ಹದಿನಾಲ್ಕು" ಎಂದಳು ಮಂಚಮ್ಮ. "ಅವ್ಳು ಒಲೆ ಮುಟ್ದಂಗೆ ಕೂತ್ಕಂಡ್ರೆ ಮುದ್ದೆ ತಿರುವೋಳು ನಾನಲ್ವಾ ಡಾಕ್ಟ್ರಮ್ಮ, ನನ್ ರಟ್ಟೆ ಮರೆಯಾಕಿಲ್ಲ. ಹಿಂದಿನ ತಿಂಗ್ಳೂ ಇಂಗೇ ಮುಟ್ಟಾಗಿ ಎಲ್ಡು ವಾರಕ್ಕೆ ನೋವು ಬಂದಿತ್ತು. ಆಗ ಬಲಗಡೆ."

"ಅಪೆಂಡಿಕ್ಸ್ ಇರೋದು ಬಲಗಡೆ, ಹಾಗೆ ಮನೆ ಬದಲಾಯಿಸಲ್ಲ" ಎಂದು ಡಾಕ್ಟರಮ್ಮ ನಕ್ಕರು. "ತಿಂಗಳ ನಡುವೆ ಅಂಡಾಶಯದಿಂದ ಅಂಡ ಹೊರಬರುವಾಗ ಕೆಲವರಿಗೆ ಒಂದು ಪಕ್ಕ ಹೀಗೆ ನೋಯುತ್ತೆ. ಒಂದೆರಡು ದಿನದಲ್ಲಿ ಹೋಗುತ್ತೆ. ಬಿಸಿನೀರಿನ ಶಾಖ ಕೊಡಿ. ಜ್ವರ ಬಂದರೆ, ನೋವು ಜೋರಾದರೆ ತಕ್ಷಣ ಬನ್ನಿ."

"ಅಂಗಾರೆ ಕುಯ್ಯಂಗಿಲ್ವಾ?" ಎಂದ ಧರ್ಮೇಂದ್ರ, ಏನೋ ಕಳೆದುಕೊಂಡವನಂತೆ.

"ನಿನ್ ನಾಲಿಗೇನ ಕುಯ್ಸಾನ ಬಾರ್ಲಾ!" ಎಂದಳು ಮಂಚಮ್ಮ.

ರಂಜಿತ ಪರೀಕ್ಷೆಯ ಮೇಜಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು: "ಅತ್ತೆ, ಮುಂದಿನ ತಿಂಗ್ಳು ನೋವು ಬಂದ್ರೆ ನಿಮ್ಗೇ ಏಳ್ತೀನಿ. ಇವ್ರಿಗೆ ಗೊತ್ತಾಗದು ಬ್ಯಾಡ."